ಒಂದೇ ಬದಿಯ ಮುಖ

ಗೋರಿಯ ಮೇಲೆ ಕೂರಿಸುವ ಮನುಷ್ಯಾಕೃತಿಗೆ ಸಾಮಾನ್ಯವಾಗಿ ಯಾರ ಮುಖವೂ ಇರುವುದಿಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಇರುತ್ತವೆ, ಆದರೆ ಅವು ಒಬ್ಬರವಲ್ಲ. ಶಿಲ್ಪಕಲೆಯಲ್ಲಿ ಎಂ.ಎಫ್.ಎ. ಮಾಡುವಾಗ ನಾನು ಇದರ ಬಗ್ಗೆಯೇ ಪ್ರಬಂಧ ಬರೆದಿದ್ದೆ. ಆಕಾಶದತ್ತ ಬೆರಳು ಎತ್ತಿದ ದೇವದೂತ ಎಂದರೆ ಭರವಸೆ. ಶಿಲುಬೆಗೆ ತಲೆ ಆನಿಸಿ ನಿಂತ ಹೆಂಗಸು ಸತ್ತವಳಲ್ಲ, ಉಳಿದವಳು. ದಿಂಬಿನ ಮೇಲೆ ಮಲಗಿದ ಮಗು ಎಂದರೆ ಸಾವನ್ನು ನಿದ್ದೆ ಎಂದು ಕರೆಯುವ ಸೌಜನ್ಯ. ಕೆತ್ತುವವರು ಒಂದೇ ಬಗೆಯ ಮುಖವನ್ನು ಊರೂರಿನಲ್ಲಿ ಬಳಸಿದ್ದಾರೆ. ಆ ಮುಖ ಯಾರದೂ ಅಲ್ಲದ್ದರಿಂದಲೇ ಯಾರು ಬೇಕಾದರೂ ಅದರ ಮುಂದೆ ನಿಂತು ತಮ್ಮವರನ್ನು ನೆನೆಯಬಹುದು ಎಂದು ತೀರ್ಮಾನಿಸಿದ್ದೆ. ಪರೀಕ್ಷಕರಿಗೆ ಆ ವಾಕ್ಯ ಇಷ್ಟವಾಗಿತ್ತು.

೨೦೧೬ರ ಮಳೆಗಾಲ ಮುಗಿಯುವ ಹೊತ್ತಿಗೆ ಡೊಂಬಿವಲಿಯ ಒಬ್ಬ ತಾಯಿ ನನ್ನೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ನಂಗೆ ಅವಳ ಮುಖ ಬೇಕು" ಎಂದರು.

ನಾನು ಆಗ ಕಲ್ಯಾಣದ ಹೊರಗೆ, ಶೀಳ್ ರಸ್ತೆಯ ಬದಿಯ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಡಿಗೆಮನೆಯ ಕಟ್ಟೆಗೆ ಗ್ರಾನೈಟ್, ಹೌಸಿಂಗ್ ಸೊಸೈಟಿಗಳಿಗೆ ನಾಮಫಲಕ, ತುಳಸಿಕಟ್ಟೆ, ಗೋರಿಗೆ ಶಿಲುಬೆ ಎಲ್ಲವೂ ಒಂದೇ ತಗಡಿನ ಶೆಡ್ಡಿನಲ್ಲಿ ತಯಾರಾಗುತ್ತಿದ್ದವು. ಮಾಲೀಕರು ವಿಜಯಪುರದ ಕಡೆಯವರು. ಮನುಷ್ಯಾಕೃತಿಯ ಕೆಲಸ ಬಂದರೆ ಮಣ್ಣಿನಲ್ಲಿ ಮಾದರಿ ಮಾಡಿ, ಅದರಿಂದ ಪ್ಲಾಸ್ಟರ್ ಎರಕ ತೆಗೆದು, ಅಳತೆಯನ್ನು ಕಲ್ಲಿಗೆ ದಾಟಿಸಿ, ಕೊನೆಗೆ ಮುಖದ ಕೆಲಸ ಮುಗಿಸುವುದು ನನ್ನ ಪಾಲು. ನಮ್ಮ ಮನೆ ಠಾಣೆಯ ಘೋಡಬಂದರ್ ರಸ್ತೆಯಲ್ಲಿ. ಸ್ಮಶಾನಕ್ಕೆ ಹೋಗುವ ದಿನಗಳಲ್ಲಿ ಮನೆಯಲ್ಲಿ ಹೇಳುತ್ತಿರಲಿಲ್ಲ. ಹೇಳಿದ್ದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, ಏನನ್ನೂ ಮುಟ್ಟಗೊಡದೆ ನೇರ ಬಚ್ಚಲಿಗೆ ಕಳಿಸುತ್ತಿದ್ದರು.

ಬಂದವರು ಉಡುಪಿಯ ಕಡೆಯ ಪ್ರಾಟೆಸ್ಟಂಟ್ ಕ್ರೈಸ್ತರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ತಂದೆಗೆ ಠಾಣೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಒಬ್ಬಳೇ ಮಗಳು, ಕಾಲೇಜಿನ ಎರಡನೆಯ ವರ್ಷದಲ್ಲಿದ್ದವಳು, ಬೆಳಗಿನ ಗರ್ದಿಯಲ್ಲಿ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು ತೀರಿಕೊಂಡಿದ್ದಳು. ಆಸ್ಪತ್ರೆಗೆ ಹೋಗಿ ಗುರುತು ಹಿಡಿದವರು ತಂದೆ. ಶವಪೆಟ್ಟಿಗೆ ಮುಚ್ಚಿಯೇ ಬಂತು. ತೆರೆಯಿರಿ ಎಂದು ತಾಯಿ ಹಟ ಹಿಡಿದಾಗ ನೆಂಟರು ಅವರನ್ನು ಹಿಡಿದುಕೊಂಡರು, ಗಂಡ ಬೇಡವೆಂದರು. ಇದನ್ನೆಲ್ಲ ತಾಯಿಯೇ, ಗಂಡ ಪಕ್ಕದಲ್ಲಿ ಕೂತಿರುವಾಗಲೇ, ಬೇರೆ ಯಾರದೋ ಮನೆಯ ವಿಷಯ ಎಂಬಂತೆ ಹೇಳಿದರು.

"ಇವರು ನೋಡಿದ್ದಾರೆ. ನಂಗೆ ತೋರಿಸ್ಲಿಲ್ಲ."

ತಂದೆ ಫ್ಯಾನಿನ ಕಡೆ ನೋಡುತ್ತಿದ್ದರು. "ಒಂದು ಶಿಲುಬೆ ಸಾಕು ಅಂತ ನಾನು ಹೇಳಿದ್ದು. ಅಥವಾ ಏಂಜಲ್. ನೀವೇ ಹೇಳಿ ಮೇಡಮ್, ಚೆಂದ ಕಾಣುದು ಯಾವುದು?"

"ಏಂಜಲ್ ಬೇಡ," ಎಂದರು ತಾಯಿ. "ನಾನು ಹೆತ್ತದ್ದು ಏಂಜಲನ್ನಲ್ಲ."

ನಾನು ನನ್ನ ಆಲ್ಬಂ ತೆರೆದು ಒಂದೊಂದು ಆಕೃತಿಯನ್ನೂ ತೋರಿಸಿದೆ. ಯಾವ ಭಂಗಿಗೆ ಏನರ್ಥ ಎಂದು ವಿವರಿಸಿದೆ. ಸ್ಮಶಾನದ ಶಿಲ್ಪದಲ್ಲಿ ಸತ್ತವರ ಮುಖವನ್ನೇ ಕೆತ್ತುವ ವಾಡಿಕೆ ಕಡಿಮೆ ಎಂದೂ ಹೇಳಿದೆ. ತಾಯಿ ಪುಟ ತಿರುಗಿಸುತ್ತ ಎಲ್ಲವನ್ನೂ ಗಮನವಿಟ್ಟು ನೋಡಿದರು. ಕೊನೆಗೆ ಆಲ್ಬಂ ಮುಚ್ಚಿ, "ಇವರ್ಯಾರೂ ನನ್ನನ್ನು ನೋಡುದಿಲ್ಲ ಅಲ್ಲ ಮಗಾ" ಎಂದರು.

ಅವರು ಹೋದ ಮೇಲೆ ಮಾಲೀಕರು ತಲೆ ಕೆರೆದುಕೊಂಡರು. "ಮೇಡಮ್ಮಾರ, ಏಂಜಲ್ ಮಾಡೋಣು ಅಂತ ಒಪ್ಪಸ್ರಿ. ಏಂಜಲ್ ಮುಖಾ ಯಾರ್ ನೋಡ್ಯಾರ? ಯಾರೂ ಬಂದು ಮೂಗು ಹಿಂಗಿರಲಿಲ್ಲ ಅನ್ನಂಗಿಲ್ಲ. ಮಗಳ ಮುಖಾ ಅಂದ್ರ ಮುಗೀತು, ನಾವು ಸಾಯೋತನಕ ತಿದ್ದಕೋತ ಕುಂದರೂದು."

"ಮುಖ ಮಾಡ್ತೀನಿ ಅಂತ ಒಪ್ಪಿಕೊಂಡಾಗಿದೆ ಸರ್," ಎಂದೆ.

"ಒಪ್ಕೊಂಡ್ರ್ಯಾ! ನನ್ನ ಕೇಳಲಾರದ! ಛಲೋ ಆತು. ಅಂಗಡಿ ನಿಮ್ಮ ಹೆಸರಿಗೆ ಬರದ್ಬಿಡ್ತೀನಿ ತಗೋರಿ."

ಚರ್ಚಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಗೋರಿ ಠಾಣೆಯಲ್ಲಿ, ಆ ಕುಟುಂಬಕ್ಕೆ ಮೊದಲಿನಿಂದ ಇದ್ದ ಜಾಗದಲ್ಲಿತ್ತು. ಸಮಿತಿಯ ಹಿರಿಯರೊಬ್ಬರಿಗೆ ಮೂರ್ತಿ ಎಂಬ ಮಾತೇ ಹಿಡಿಸಲಿಲ್ಲ. "ಇವತ್ತು ಮುಖ ಕೂರಿಸ್ತೀರಿ, ನಾಳೆ ಯಾರಾದ್ರೂ ಊದುಬತ್ತಿ ಹಚ್ಚಿ ತೆಂಗಿನಕಾಯಿ ಒಡೀತಾರೆ, ಆಗ ಎಂತ ಮಾಡುದು?" ಎಂದು ಕೇಳಿದರು. ಪಾದ್ರಿಯಾದ ಸಭಾಪಾಲಕರು ನಗುತ್ತ, ತೆಂಗಿನಕಾಯಿ ಒಡೆದರೆ ಚಟ್ನಿ ಮಾಡುವ ಎಂದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಆಕೃತಿ ಸುತ್ತಲಿನ ಶಿಲುಬೆಗಳಿಗಿಂತ ಎತ್ತರ ಇರಬಾರದು. ಎದೆಯವರೆಗಿನ ಒಂದು ಚಿಕ್ಕ ಭಾವಚಿತ್ರ ಶಿಲ್ಪ ಎಂದು ನಿರ್ಧಾರವಾಯಿತು.

ಕೆಲಸ ಫೋಟೋಗಳಿಂದ ಶುರುವಾಯಿತು. ಹುಡುಗಿಯ ಫೋನ್ ಪುಡಿಯಾಗಿತ್ತು. ಅವಳ ಗೆಳತಿಯರೂ ಚಿಕ್ಕಮ್ಮನ ಮಕ್ಕಳೂ ತಮ್ಮ ಫೋನುಗಳಲ್ಲಿದ್ದದ್ದನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರು. ಹೆಚ್ಚಿನವು ಸೆಲ್ಫಿಗಳು. ತಲೆ ಓರೆ ಮಾಡಿದ್ದು, ಕಣ್ಣು ಕಿರಿದಾಗಿಸಿ ನಕ್ಕಿದ್ದು, ನಾಲಿಗೆ ಹೊರಗೆ ಹಾಕಿದ್ದು. ಮುಖ ನೇರವಾಗಿರುವಂಥವನ್ನು ಆರಿಸಿ, ಒಂದೇ ಅಳತೆಗೆ ಪ್ರಿಂಟ್ ತೆಗೆಸಿ, ಮೇಲೆ ಚೌಕಗಳ ಗೆರೆ ಎಳೆದೆ. ಕಣ್ಣಿನ ಮೂಲೆಯಿಂದ ಮೂಗಿನ ಹೊಳ್ಳೆಗೆ, ಹೊಳ್ಳೆಯಿಂದ ಬಾಯಿಯ ಅಂಚಿಗೆ ಕೈವಾರದಲ್ಲಿ ಅಳೆದು, ಫೋಟೋದಿಂದ ಫೋಟೋಕ್ಕೆ ಬರುವ ವ್ಯತ್ಯಾಸಕ್ಕೆ ಸರಾಸರಿ ಹಿಡಿದೆ. ಕ್ಯಾಮೆರಾ ಹತ್ತಿರವಿದ್ದರೆ ಮೂಗು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಸರಾಸರಿಯೇ ಸುರಕ್ಷಿತ ಎಂಬುದು ನನ್ನ ಲೆಕ್ಕ. ಗಣಪತಿ ಮಾಡುವವರಿಂದ ಶಾಡು ಮಣ್ಣು ತರಿಸಿ, ಕಬ್ಬಿಣದ ಕಂಬಿಗೆ ಗೋಣಿನಾರು ಸುತ್ತಿ, ತಲೆಯನ್ನು ಕಟ್ಟುತ್ತ ಹೋದೆ. ಒಣಗಿ ಬಿರಿಯದಂತೆ ರಾತ್ರಿ ಒದ್ದೆ ಬಟ್ಟೆ ಸುತ್ತಿ ಬರುತ್ತಿದ್ದೆ.

ಮುಖ ಚೆನ್ನಾಗಿಯೇ ಬಂತು. ಮಾಲೀಕರು ಸುತ್ತ ಬಂದು ನೋಡಿ, "ಫೋಟೋದಾಗಿಂದ ಎದ್ದು ಬಂದಂಗ ಐತಿ" ಎಂದರು. ನನಗೂ ಹಾಗೆಯೇ ಅನಿಸಿತ್ತು.

ತಾಯಿ ಬಂದ ದಿನ ನಾನು ಒದ್ದೆ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದೆ. ಅವರು ಹತ್ತಿರ ಬಂದರು. ಹಿಂದೆ ಸರಿದರು. ಮತ್ತೆ ಹತ್ತಿರ ಬಂದರು. ಅವರ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಗೊಂದಲವಿತ್ತು. ಜಾತ್ರೆಯಂಥ ಜನಜಂಗುಳಿಯಲ್ಲಿ ಯಾರದೋ ಭುಜ ಹಿಡಿದು ತಿರುಗಿಸಿದಾಗ ಬೇರೆಯವರು ಎದುರಾದರೆ ಆಗುವಂಥ ಗೊಂದಲ.

"ಇದು ಅವಳಲ್ಲ."

"ಆಂಟಿ, ಎಲ್ಲಿ ವ್ಯತ್ಯಾಸ ಅನಿಸ್ತಿದೆ? ಕಣ್ಣಾ, ಬಾಯಿಯಾ?"

"ಗೊತ್ತಿಲ್ಲ ಮಗಾ. ಎಲ್ಲ ಅವಳದ್ದೇ ಉಂಟು. ಅವಳು ಮಾತ್ರ ಇಲ್ಲ." ಹಣೆಯ ಹತ್ತಿರ ಬಗ್ಗಿ, "ಹುಬ್ಬಿನ ಗಾಯ ಎಲ್ಲಿ?" ಎಂದರು.

ಗಾಯದ ವಿಷಯ ನನಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಮೆಟ್ಟಿಲಿನ ಅಂಚಿಗೆ ಬಿದ್ದು ಹುಬ್ಬು ಸೀಳಿತ್ತಂತೆ. ಅಷ್ಟು ಜಾಗದಲ್ಲಿ ಕೂದಲು ಮತ್ತೆ ಬರಲಿಲ್ಲ. ದೊಡ್ಡವಳಾದ ಮೇಲೆ ಅವಳು ಅದನ್ನು ಪೆನ್ಸಿಲಿನಿಂದ ತುಂಬಿಕೊಳ್ಳುತ್ತಿದ್ದಳು.

"ಯಾವ ಕಡೆ?" ಎಂದು ಕೇಳಿದೆ.

"ಬಲಗಡೆ," ಎಂದರು ತಾಯಿ.

"ಎಡಗಡೆ," ಎಂದರು ಬಾಗಿಲ ಬಳಿ ನಿಂತಿದ್ದ ತಂದೆ. ಅವರು ಅಷ್ಟು ಹೊತ್ತೂ ಮಣ್ಣಿನ ತಲೆಯನ್ನು ನೋಡಿರಲಿಲ್ಲ.

"ಎಂತ ಎಡಗಡೆ? ದಿನಾ ತಲೆ ಬಾಚಿದವಳು ನಾನು. ನೀವು ಬೆಳಿಗ್ಗೆ ಫಾಸ್ಟ್ ಲೋಕಲ್ಲಿಗೆ ಓಡಿದ್ರೆ ಅವಳು ಮಲಗಿದ ಮೇಲೆ ಬರುದು."

"ಎಡಗಡೆ. ನಂಗೆ ಗೊತ್ತುಂಟು."

"ಹೌದು, ಎಲ್ಲ ನಿಮಗೇ ಗೊತ್ತುಂಟು. ನಂಗೆ ಎಂತ ಗೊತ್ತುಂಟು?"

ಕಲ್ಲು ಕೊರೆಯುವ ಯಂತ್ರ ನಿಂತಿತು. ಒಳಗೆ ಕೆಲಸ ಮಾಡುತ್ತಿದ್ದವರು ಇತ್ತ ನೋಡಿದರು. ಮಗಳ ಮುಖದ ಗಾಯ ಯಾವ ಕಡೆಗಿತ್ತು ಎಂದು ತಂದೆತಾಯಿ ಅಪರಿಚಿತರ ಎದುರು ಜಗಳವಾಡುವುದು, ಅದರಲ್ಲಿ ಒಬ್ಬರು ಸೋಲಲೇಬೇಕಾಗಿರುವುದು, ಎರಡೂ ನೋಡಲಾಗದಂಥವು. ನಾನು ತಲೆಗೆ ಮತ್ತೆ ಬಟ್ಟೆ ಸುತ್ತಿದೆ.

ಅವರು ಹೋದ ಮೇಲೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಹುಬ್ಬುಗಳನ್ನಷ್ಟೇ ನೋಡುತ್ತ ಕೂತೆ. ಪೆನ್ಸಿಲಿನ ಕೆಳಗೆ ಗಾಯ ಸಿಕ್ಕಿತು. ಒಂದು ಫೋಟೋದಲ್ಲಿ ಎಡ ಹುಬ್ಬಿನಲ್ಲಿತ್ತು, ಇನ್ನೊಂದರಲ್ಲಿ ಬಲ ಹುಬ್ಬಿನಲ್ಲಿ. ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಆಮೇಲೆ ಮೂರನೆಯ ಫೋಟೋದಲ್ಲಿ ಅವಳ ಕಾಲೇಜಿನ ಗುರುತಿನ ಚೀಟಿಯ ಪಟ್ಟಿ ಕಂಡಿತು. ಅದರ ಮೇಲಿನ ಅಕ್ಷರಗಳು ಹಿಂದುಮುಂದಾಗಿದ್ದವು.

ಕೆಲವು ಫೋನುಗಳು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡಂತೆಯೇ ಉಳಿಸುತ್ತವೆ, ಕೆಲವು ತಿರುಗಿಸಿ ಉಳಿಸುತ್ತವೆ. ನನ್ನ ಕೈಗೆ ಬಂದವು ಎರಡೂ ಬಗೆಯವು, ಹಲವರ ಫೋನುಗಳಿಂದ ಬಂದು ಬೆರೆತವು. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಆ ಹುಡುಗಿಯ ಒಂದು ಕಣ್ಣು ಕೂದಲೆಳೆಯಷ್ಟು ಕೆಳಗಿತ್ತು. ನಗುವಾಗ ಬಾಯಿ ಒಂದು ಕಡೆಗೆ ಮೊದಲು ಹೋಗುತ್ತಿತ್ತು. ಎಡವನ್ನೂ ಬಲವನ್ನೂ ಕಲಸಿ ಸರಾಸರಿ ತೆಗೆದಾಗ ಆ ಓರೆಗಳೆಲ್ಲ ಒಂದನ್ನೊಂದು ಅಳಿಸಿಕೊಂಡಿದ್ದವು. ಉಳಿದದ್ದು ಸಮವಾದ, ಸುಂದರವಾದ, ಯಾರದೂ ಅಲ್ಲದ ಮುಖ. ಆಲ್ಬಮ್ಮಿನಲ್ಲಿ ತಾಯಿ ಬೇಡವೆಂದು ಮುಚ್ಚಿಟ್ಟ ದೇವದೂತರ ಮುಖವನ್ನೇ ನಾನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಮಾಡಿಟ್ಟಿದ್ದೆ.

ಅಕ್ಷರ, ಕೈಗಡಿಯಾರ, ಅಂಗಿಯ ಗುಂಡಿ ಇವುಗಳ ಆಧಾರದಿಂದ ಫೋಟೋಗಳನ್ನು ಎರಡು ಗುಂಪು ಮಾಡಿ, ತಿರುಗಬೇಕಾದವನ್ನು ತಿರುಗಿಸಿದೆ. ಗಾಯ ಎಡಗಡೆಯೇ. ತಂದೆಗೆ ಫೋನ್ ಮಾಡಿ, "ಅಂಕಲ್, ನೀವು ಹೇಳಿದ್ದೇ ಸರಿ" ಎಂದೆ.

ಅವರಿಗೆ ಸಮಾಧಾನವಾದಂತೆ ಕೇಳಲಿಲ್ಲ. "ಗೊತ್ತು," ಎಂದರು. "ನಾಳೆ ಮಾಜಿವಾಡಾದ ಹತ್ತಿರ ಸಿಗ್ತೀರಾ? ಅವಳಿಗೆ ಹೇಳ್ಬೇಡಿ."

ಅವರ ಆಫೀಸಿನ ಕೆಳಗಿನ ಹೋಟೆಲಿನಲ್ಲಿ ಕೂತೆವು. ಮಾಣಿ ತುಳುವಿನಲ್ಲಿ ಅವರ ಆರೋಗ್ಯ ವಿಚಾರಿಸಿ ಕಾಫಿ ತಂದಿಟ್ಟ. "ನಿಮ್ಮದು ಊಟ ಆಯ್ತಾ?" ಎಂದು ನನ್ನನ್ನು ಕೇಳಿದರು. ಆಯಿತೆಂದೆ. ಕಾಫಿಯ ಲೋಟವನ್ನು ಬಟ್ಟಲಿನಲ್ಲಿ ಸುಮ್ಮನೆ ತಿರುಗಿಸುತ್ತಿದ್ದರು.

"ಅದೇ ಹುಬ್ಬು ನೋಡಿ ನಾನು ಗುರುತು ಹಿಡಿದದ್ದು," ಎಂದರು. "ಬಟ್ಟೆ ಹೊದೆಸಿದ್ದರು. ಒಂದು ಬದಿ ಮಾತ್ರ ಸರಿಸಿದರು. ಎಡ ಬದಿಗೆ ಎಂತದೂ ಆಗಿರ್ಲಿಲ್ಲ, ಮೇಡಮ್. ನಿದ್ದೆ ಮಾಡಿದ ಹಾಗೆಯೇ. ಹುಬ್ಬು ನೋಡಿದೆ, ಹೌದು ಅಂದೆ. ಅಲ್ಲಿಗೇ ನಿಲ್ಲಿಸ್ಬಹುದಿತ್ತು. ಅವರೂ ಸಾಕು ಸಾರ್ ಅಂದ್ರು. ನಾನೇ ಇಡೀ ತೆಗೀರಿ ಅಂದೆ. ಅಪ್ಪ ಅಲ್ವಾ, ನೋಡ್ಬೇಕು ಅಂತ."

ನಾನು ನನ್ನ ಲೋಟ ಪಕ್ಕಕ್ಕೆ ಸರಿಸಿದೆ.

"ಅವಳ ಅಮ್ಮ ನೋಡ್ಬಾರ್ದು ಅಂತ ಪೆಟ್ಟಿಗೆ ಮುಚ್ಚಿಸಿದ್ದು. ನಾನು ಕಟುಕ ಅಂತ ಅವಳ ಲೆಕ್ಕ. ಆಗ್ಲಿ, ಪರ್ವಾಗಿಲ್ಲ. ಆದ್ರೆ ನಾನು ಪ್ರತಿ ಭಾನುವಾರ ಅಲ್ಲಿ ಹೋಗಿ ನಿಲ್ಬೇಕಲ್ಲ. ನೀವು ಎಷ್ಟು ಚೆಂದ ಮುಖ ಮಾಡಿದ್ರೂ ನಂಗೆ ಕಾಣುದು ಇನ್ನೊಂದು." ಲೋಟ ಕೆಳಗಿಟ್ಟರು. "ಕಲ್ಲು ಒಡೆದು ಹೋಯ್ತು ಅಂತ ಹೇಳಿ. ಎಂತಾದ್ರೂ ಹೇಳಿ. ಮುಖ ಬೇಡ."

ಅವರ ಕಾಫಿ ಹಾಗೆಯೇ ಉಳಿಯಿತು. ನಾನು ಯಾವ ಭರವಸೆಯನ್ನೂ ಕೊಡಲಿಲ್ಲ. ಸುಳ್ಳು ಹೇಳುವುದು ನನ್ನಿಂದಾಗದು ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿ, ಬೇರೆ ದಾರಿಯಿದ್ದರೆ ನೋಡಿ ಎಂದರು.

ಮರುದಿನ ಡೊಂಬಿವಲಿಗೆ ಹೋದೆ. ಮುಖದ ಓರೆಗಳ ಬಗ್ಗೆ ತಾಯಿಯಿಂದಲೇ ಕೇಳಿ ತಿಳಿಯಬೇಕು ಎಂಬುದು ನಾನು ನನಗೇ ಹೇಳಿಕೊಂಡ ಕಾರಣ. ಗಾಯ ಎಡಗಡೆ ಎಂಬುದಕ್ಕೆ ಸಾಕ್ಷಿಯಾಗಿ ಫೋಟೋಗಳು ಚೀಲದಲ್ಲಿದ್ದವು. ಚಹಾ ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದರು.

"ಬಾ ಇಲ್ಲಿ. ನಿಂಗೆ ತೋರಿಸ್ತೇನೆ. ಇವರ ಮಾತು ಕಟ್ಟಿಕೊಂಡು ಎಡಗಡೆ ಮಾಡ್ಬೇಡ."

ಮಲಗುವ ಕೋಣೆಯ ಕಪಾಟಿಗೆ ಆಳೆತ್ತರದ ಕನ್ನಡಿಯಿತ್ತು. ಅದರ ಮುಂದೆ ಒಂದು ಮುಕ್ಕಾಲಿ. ನನ್ನನ್ನು ಅದರ ಮೇಲೆ ಕೂರಿಸಿ, ಹಿಂದೆ ನಿಂತು, ನನ್ನ ಕ್ಲಿಪ್ಪು ತೆಗೆದು ಬಾಚಣಿಗೆ ಹಾಕಿದರು. ಬೇರೆಯವರು ನನ್ನ ಕೂದಲು ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಬೇಡ ಎನ್ನಲಾಗಲಿಲ್ಲ.

"ಹೀಗೆ. ಸಣ್ಣ ಮಗುವಿನಿಂದ ಹೀಗೇ. ಕಾಲೇಜಿಗೆ ಹೋದ ಮೇಲೂ ನಾನೇ ಜಡೆ ಹಾಕ್ಬೇಕು. ನಿಂಗೆ ಕೈ ಇಲ್ವಾ ಮಾರಾಯ್ತಿ ಅಂದ್ರೆ, ಉಂಟು, ನಿನ್ನ ಕೈ ಚೆಂದ ಅಂತಿದ್ಲು. ಬೈಗುಳ, ನಗೆ, ಪರೀಕ್ಷೆ, ಎಲ್ಲ ಇಲ್ಲೇ. ನೋಡು." ಅವರು ನನ್ನ ಭುಜದ ಮೇಲಿಂದ ಕೈ ಚಾಚಿ ಕನ್ನಡಿಯನ್ನು ಮುಟ್ಟಿದರು. ಗಾಜಿನಲ್ಲಿ ಕಾಣುವ ನನ್ನ ಮುಖದ ಒಂದು ಹುಬ್ಬಿನ ಮೇಲೆ ಬೆರಳಿಟ್ಟರು. "ಇಲ್ಲಿ. ಈ ಬದಿ. ದಿನಾ ನೋಡಿದ್ದೇನೆ."

ಅದು ನನ್ನ ಎಡ ಹುಬ್ಬು. ಎದುರು ನಿಂತವರ ಮುಖ ಎಂದುಕೊಂಡು ನೋಡಿದರೆ ಬಲ.

ಅವರು ಮಗಳ ಮುಖವನ್ನು ಹೆಚ್ಚಾಗಿ ನೋಡಿದ್ದು ಇಲ್ಲಿ, ಹಿಂದೆ ನಿಂತು, ಗಾಜಿನೊಳಗೆ. ಅವರ ನೆನಪಿನಲ್ಲಿ ತಪ್ಪಿರಲಿಲ್ಲ. ತಂದೆಯ ನೆನಪಿನಲ್ಲೂ ತಪ್ಪಿರಲಿಲ್ಲ. ಫೋಟೋಗಳು ಚೀಲದಲ್ಲೇ ಉಳಿದವು. ತಿದ್ದಲು ಹೋದರೆ ಆ ಬೆಳಗುಗಳನ್ನೆಲ್ಲ ತಲೆಕೆಳಗು ಮಾಡಿ ವಾಪಸ್ಸು ಕೊಟ್ಟಂತಾಗುತ್ತಿತ್ತು.

"ಎಣ್ಣೆ ಹಾಕುವ ದಿನ ಮಾತ್ರ ನೆಲದ ಮೇಲೆ," ಎನ್ನುತ್ತಿದ್ದರು ಅವರು, ಜಡೆ ಹೆಣೆಯುತ್ತ. "ನಾನು ಮಂಚದ ಮೇಲೆ, ಅವಳು ಕೆಳಗೆ. ಮಂಡಿ ಮೇಲೆ ತಲೆ ಇಟ್ಟು ಅಲ್ಲೇ ನಿದ್ದೆ. ಬಾಯಿಂದ ಜೊಲ್ಲು. ಹದಿನೆಂಟು ವರ್ಷದ ಹುಡುಗಿ!" ನಕ್ಕರು. ಆ ನಗುವಿನಲ್ಲೇ ಅವರ ಕೈ ನಿಂತಿತು. ಬಹಳ ಹೊತ್ತು ನನ್ನ ಜಡೆಯ ತುದಿ ಹಿಡಿದುಕೊಂಡು ನಿಂತರು. ಕನ್ನಡಿಯಲ್ಲಿ ನಾನು ಅವರನ್ನು ನೋಡಲಿಲ್ಲ.

ವಾಪಸ್ಸು ಬರುವಾಗ ಲೋಕಲ್ಲಿನ ಕಿಟಕಿ ಪಕ್ಕ ಕೂತು ಟಿಕೆಟಿನ ಹಿಂದೆ ಗೀಚಿದೆ. ನೆಲದ ಮೇಲೆ ಕೂತ ಹುಡುಗಿ. ಮಡಚಿದ ಮಂಡಿಗಳನ್ನು ಸುತ್ತಿದ ತೋಳು. ತೋಳಿನ ಮೇಲೆ ಬಲಗೆನ್ನೆ ಒತ್ತಿ ಮಲಗಿದ ತಲೆ. ಮೇಲೆ ಕಾಣುವುದು ಎಡಬದಿ ಮಾತ್ರ, ಅದೂ ಪಕ್ಕದಲ್ಲಿ ಕೆಳಗೆ ಕೂತವರಿಗೆ. ಆಚೆ ಬದಿಯಲ್ಲಿ ನಿಂತವರಿಗೆ ಬೆನ್ನು, ಜಡೆ. ಎತ್ತರವೂ ಶಿಲುಬೆಗಳಿಗಿಂತ ಕಡಿಮೆ. ಎದೆಯವರೆಗಿನ ಶಿಲ್ಪವನ್ನು ಕೈಬಿಟ್ಟು ಇದನ್ನೇ ಮಾಡುವುದೆಂದು ಮುಂಬ್ರಾ ಸ್ಟೇಷನ್ ದಾಟುವಷ್ಟರಲ್ಲಿ ನಿರ್ಧರಿಸಿದ್ದೆ. ಅಲ್ಲಿಯವರೆಗೆ ಆಕೃತಿಗಳ ಭಂಗಿಗೆ ಅರ್ಥ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ಭಂಗಿಯಿಂದ ಇಷ್ಟೊಂದನ್ನು ಮುಚ್ಚಬೇಕಾಗಿ ಬಂದದ್ದು ಇದೇ ಮೊದಲು.

ಮಾಲೀಕರು ಹೊಸ ಮಾದರಿ ನೋಡಿ ಹುಬ್ಬೇರಿಸಿದರು. "ಅರ್ಧ ಮುಖಾ?"

"ಅರ್ಧ."

"ಛಲೋನ ಆತು. ತಪ್ಪೂ ಅರ್ಧಾ ಕಡಿಮಿ ಆಗ್ತಾವ."

ಗೇಣುದ್ದದ ಮಣ್ಣಿನ ಮಾದರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಭಾನುವಾರ ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಇಟ್ಟೆ. ತಂದೆ ನಿಂತ ಕಡೆಗೆ ಬೆನ್ನು ಬರುವಂತೆ ಇಡಲು ಮರೆಯಲಿಲ್ಲ. ತಾಯಿ ಕುರ್ಚಿ ಎಳೆದು ಕೂತು, ಬಗ್ಗಿ, ಮೇಜಿನ ಮಟ್ಟಕ್ಕೆ ಮುಖ ತಂದು ನೋಡಿದರು. ಅವರ ಬಲಗೈ ತಾನಾಗಿ ಮುಂದೆ ಹೋಗಿ ಮಣ್ಣಿನ ತಲೆಯನ್ನು ನೇವರಿಸಿ, ಹಣೆಗಿಳಿದು, ಎಡ ಹುಬ್ಬಿನ ಮೇಲೆ ನಿಂತಿತು. ನಾನು ಕಡ್ಡಿಯಿಂದ ಗೀರಿದ ಸೀಳಿನ ಮೇಲೆಯೇ.

"ಇಲ್ಲೇ," ಎಂದರು.

ಎಡ, ಬಲ ಎಂಬ ಮಾತು ಬರಲಿಲ್ಲ. ಕೈಗೆ ಕನ್ನಡಿ ಗೊತ್ತಿರಲಿಲ್ಲ.

ತಂದೆ ಜಡೆಯನ್ನು ನೋಡುತ್ತಿದ್ದರು. ನನ್ನನ್ನು ಹೊರಗೆ ಲಿಫ್ಟಿನವರೆಗೆ ಬಿಡಲು ಬಂದಾಗ ಕೇಳಿದರು: "ಆಚೆಯಿಂದ ನಿಂತ್ರೆ ಬೆನ್ನು ಮಾತ್ರ ಅಲ್ವಾ?"

"ಹೌದು ಅಂಕಲ್."

"ಹಾಗಾದ್ರೆ ನಾನು ಆಚೆ ನಿಲ್ತೇನೆ."

ಅದು ನಾನು ಬಯಸಿದ್ದೇ. ಆದರೂ ಅವರ ಬಾಯಿಂದ ಕೇಳಿದಾಗ ಬೇರೆಯಾಗಿ ಕಂಡಿತು. ಒಬ್ಬಳೇ ಮಗಳ ಈಚೆ ಒಬ್ಬರು, ಆಚೆ ಒಬ್ಬರು ನಿಲ್ಲುವಂತೆ, ಬದುಕಿರುವವರೆಗೂ ಹಾಗೆಯೇ ನಿಲ್ಲುವಂತೆ ನಾನು ಅಳತೆ ಮಾಡಿ ಕೊಟ್ಟಿದ್ದೆ.

ಕಲ್ಲಿನ ಕೆಲಸ ಚಳಿಗಾಲದವರೆಗೆ ಹಿಡಿಯಿತು. ಮಕ್ರಾಣಾದ ಬಿಳಿ ಅಮೃತಶಿಲೆಯ ಒಂದು ಗುಂಡು. ಪ್ಲಾಸ್ಟರ್ ಎರಕದ ಮೇಲೆ ಮೂರು ಬಿಂದು ಗುರುತಿಸಿ, ಅದೇ ಮೂರನ್ನು ಕಲ್ಲಿನ ಮೇಲೂ ಗುರುತಿಸಿ, ಮೂರು ಕೈವಾರಗಳು ಸೇರುವ ಜಾಗದಲ್ಲಿ ನಾಲ್ಕನೆಯ ಬಿಂದುವನ್ನು ಹುಡುಕುತ್ತ ಒಳಕ್ಕೆ ಇಳಿಯುವ ಹಳೆಯ ಪದ್ಧತಿ. ಒರಟು ಕೆಲಸವನ್ನು ರಾಜಸ್ಥಾನದ ಇಬ್ಬರು ಕೆತ್ತನೆಗಾರರು ಮಾಡಿದರು. ತೋಳಿನ ಹತ್ತಿರ ಬಂದಾಗ ಒಳಗಿನಿಂದ ಬೂದು ಬಣ್ಣದ ನರವೊಂದು ತೋರಿ, ಕೆನ್ನೆಯ ಕಡೆಗೆ ಹೊರಟಿತು. ಕೆಲಸ ನಿಲ್ಲಿಸಿದೆವು. ಕಲ್ಲಿಗೆ ನೀರು ಹಾಕಿ, ಬಿಸಿಲಿಗೆ ಓರೆಯಾಗಿ ತಿರುಗಿಸಿ, ಬೆರಳ ಗಂಟಿನಿಂದ ತಟ್ಟಿ ನೋಡಿದೆವು. ಒಡಕಿನ ಸದ್ದಿರಲಿಲ್ಲ. ಬಣ್ಣ ಮಾತ್ರ. ಆದರೆ ನರ ಕಣ್ಣಿನ ಕೆಳಗೆ ಬಂದರೆ ಕೆಲಸವೇ ಹೋದಂತೆ.

"ಬ್ಯಾರೆ ಗುಂಡು ತರಸ್ಲೇನು?" ಎಂದರು ಮಾಲೀಕರು. ಅಷ್ಟರಲ್ಲಿ ಏಂಜಲಿನ ಮಾತು ಅವರು ಬಿಟ್ಟಿದ್ದರು.

ನಾನು ಚಪ್ಪಟೆ ಉಳಿಯಿಂದ ತೆಳುವಾಗಿ ಹೆರೆಯುತ್ತ ಹೋದೆ. ಕೆನ್ನೆಯ ಮೂಳೆಗೆ ಇನ್ನಿಷ್ಟೇ ದೂರವಿದೆ ಎನ್ನುವಾಗ ನರ ತಿರುಗಿ, ಕೆನ್ನೆಯೂ ತೋಳೂ ಕೂಡುವ ಸಂದಿ ಹಿಡಿದು ಕೆಳಗೆ, ಕಾಣದ ಬದಿಯೊಳಕ್ಕೆ ಇಳಿಯಿತು. ಆ ಬದಿಯಲ್ಲಿ ಮುಖವೇ ಇಲ್ಲ. ಬಲಗೆನ್ನೆ ಇರಬೇಕಾದಲ್ಲಿ ಕಲ್ಲು ತೋಳಿನೊಂದಿಗೆ ಒಂದೇ ಆಗಿದೆ. ಕೊನೆಯದಾಗಿ ಹುಬ್ಬಿನ ಸೀಳನ್ನು ಕೆತ್ತಿದೆ. ಉಳಿಯ ಒಂದೇ ಎಳೆತ. ಅದಕ್ಕೆ ಮಾತ್ರ ಪಾಲಿಶ್ ಹಾಕಲಿಲ್ಲ.

ಕೂರಿಸುವ ದಿನ ಬೆಳಿಗ್ಗೆ ಠಾಣೆಯಲ್ಲಿ ತಣ್ಣಗಿತ್ತು. ಟೆಂಪೋದಿಂದ ಇಳಿಸಿ, ಪಟ್ಟಿ ಕಟ್ಟಿ, ನಾಲ್ವರು ಹಿಡಿದು ಗೋರಿಯ ಪೀಠದ ಮೇಲೆ ಇಳಿಸಿದರು. ಮಟ್ಟಗೋಲು ಇಟ್ಟು ನೋಡಿ, ಮಾಲೀಕರು ಅಂಚಿಗೆ ತುಂಬಲು ಬಿಳಿ ಸಿಮೆಂಟ್ ಕಲಸಿದರು. ಒಂದು ಬದಿ ತುಂಬುವಷ್ಟರಲ್ಲಿ ಅವರಿಬ್ಬರೂ ಬಂದರು.

ತಂದೆ ಹೇಳಿದಂತೆಯೇ ಆಚೆ ಬದಿಗೆ ಹೋಗಿ, ಕೈ ಕಟ್ಟಿ, ಜಡೆಯ ಹಿಂದೆ ನಿಂತರು. ತಾಯಿ ಈಚೆ ಬದಿಯಲ್ಲಿ, ಚಪ್ಪಲಿ ಬಿಟ್ಟು, ಮಣ್ಣಿನ ಮೇಲೆ ಕೂತರು. ಮುಖಕ್ಕೆ ಮುಖ ತಂದರು. ಕಲ್ಲಿನ ಕೂದಲನ್ನು ಹಿಂದಕ್ಕೆ ಸರಿಸುವವರಂತೆ ಎರಡು ಮೂರು ಸಲ ನೇವರಿಸಿದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಅವತ್ತು ಹೀಗೇ ಇತ್ತಾ?"

ಯಾರಿಗೆ ಕೇಳಿದ್ದೆಂದು ಎಲ್ಲರಿಗೂ ಗೊತ್ತಿತ್ತು. ನಾನು ಸಲಕರಣೆಗಳ ಚೀಲದ ಹತ್ತಿರ ಹೋಗಲು ತಿರುಗಿದ್ದೆ. ಆಗ ಜಲ್ಲಿಯ ಮೇಲೆ ಹೆಜ್ಜೆಯ ಸದ್ದು ಕೇಳಿತು. ತಂದೆ ಗೋರಿಯನ್ನು ಸುತ್ತಿ ಈಚೆ ಬಂದರು. ಬಂದು, ಮಗಳ ಮುಖವನ್ನು ನೋಡಿದರು. ಮೊದಲ ಸಲ.

"ಹೌದು," ಎಂದರು. "ಹೀಗೇ. ಮಲಗಿದ ಹಾಗೆ."

"ಆಚೆ ಬದಿ?"

ತಾಯಿಯ ಬೆರಳುಗಳು ಕೆನ್ನೆಗೂ ತೋಳಿಗೂ ನಡುವಿನ ಸಂದಿಯನ್ನು ಹುಡುಕುತ್ತಿದ್ದವು. ಒಳಗೆ ಹೋಗಲು ಅಲ್ಲಿ ಜಾಗವಿರಲಿಲ್ಲ.

"ಆಚೆ ಬದಿ ನಾನು ನೋಡ್ಲಿಲ್ಲ," ಎಂದರು ತಂದೆ.

ತಾಯಿ ಕೈ ತೆಗೆದರು. ತಿರುಗಿ, ಕೆಳಗಿನಿಂದ ಗಂಡನ ಮುಖವನ್ನು ನೋಡಿದರು. ಆ ನೋಟ ಮುಗಿಯಲು ತುಂಬ ಹೊತ್ತು ಬೇಕಾಯಿತು.

"ನೋಡಿದ್ದೀರಿ," ಎಂದರು. ಧ್ವನಿಯಲ್ಲಿ ಜಗಳವಿರಲಿಲ್ಲ. "ಒಬ್ರೇ ನೋಡಿದ್ರಿ."

ತಂದೆ ಅವರ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು. ತಾಯಿ ಅವರ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು.

ಅವರು ಕೂತಿದ್ದ ಆ ಬದಿಯಲ್ಲೇ ಅಂಚು ತುಂಬುವುದು ಬಾಕಿಯಿತ್ತು. ತಗಡಿನ ಬುಟ್ಟಿಯಲ್ಲಿ ಕಲಸಿದ ಸಿಮೆಂಟಿನ ಮೇಲೆ ಆಗಲೇ ಬಿರುಕು ಕಾಣತೊಡಗಿತ್ತು. ನಾನು ಮಾಲೀಕರ ಕಡೆ ನೋಡಿದೆ. ಅವರು ಕರಣಿಯನ್ನು ಬಕೆಟ್ಟಿನ ನೀರಿಗೆ ಹಾಕಿ, ತೆಂಗಿನ ಮರದ ನೆರಳಿಗೆ ಹೋಗಿ ಕೂತರು.

"ಗಟ್ಟಿ ಆಗ್ಲಿ ಬಿಡ್ರಿ," ಎಂದರು. "ಮತ್ತ ಕಲಸಿದ್ರಾತು."